ಸಾಹೇಬರಲ್ಲ, ನಮ್ಮವರ: ನಮ್ಮ ಸೀಮ್ಯಾಗ ಚರ್ಚು ಬೆಳೆದ ಬಗಿ

ನಾಕ ಮಂದಿ ಹೆಣ್ಮಕ್ಕಳು ಕೂಡಿದಲ್ಲಿ ಈಗೀಗ ಈ ಮಾತು ಬಂದs ಬರತೈತಿ. "ಆ ಓಣ್ಯಾಗ ಪ್ರಾರ್ಥನಾ ಸುರು ಆಗೇತಂತ", "ಅವರ ಸೊಸಿ ಕುಂಕುಮ ಬಿಟ್ಟಾಳಂತ", "ಹ್ವಾದ ವರ್ಷ ಒಂದ ಮನಿ ಇತ್ತು, ಈ ವರ್ಷ ಐದ ಆಗ್ಯಾವಂತ". ಕಡೀಕ ಒಬ್ಬಾಕಿ "ಎಲ್ಲಾ ಹೊರದೇಶದ ರೊಕ್ಕ ನೋಡವ್ವಾ" ಅಂತಾಳ. ಇನ್ನೊಬ್ಬಾಕಿ "ಇಲ್ಲಬೇ, ಅವರ ಬ್ಯಾನಿ ವಾಸಿ ಆಗೇತಂತ" ಅಂತಾಳ. ಅಲ್ಲಿಗೆ ಮಾತು ಮುಗೀತೈತಿ.

ಎರಡೂ ಉತ್ತರ ನನಗ ಅರ್ಧಾ ಅನ್ನಿಸ್ತಾವ. ರೊಕ್ಕದಿಂದ ಗುಡಿ ಕಟ್ಟಬಹುದು, ಗುಡಿಗೆ ಮಂದಿ ಬರೂದು ರೊಕ್ಕದಿಂದಷ್ಟ ಆಗಂಗಿಲ್ಲ. ಹಂಗಾದ್ರ ಒಂದು ಧರ್ಮ ಮನಿಯಿಂದ ಮನಿಗೆ ಇಷ್ಟು ಲಗೂ ಹೆಂಗ ಹೋಗತೈತಿ? ಇದಕ್ಕ ಉತ್ತರ ಇತಿಹಾಸದಾಗ ಐತಿ. ಅದೂ ದೂರದ್ದಲ್ಲ, ಬೆಳಗಾವಿ, ಧಾರವಾಡ, ಗದಗಿನ ಇತಿಹಾಸ. ಅದನ್ನ ನೋಡಿದ್ರ ಒಂದು ಮಾತು ಸ್ಪಷ್ಟ ಆಗತೈತಿ. ಬಿಳೀ ಸಾಹೇಬರು ತಾವ ನಿಂತು ಮಾಡಿದಲ್ಲಿ ಚರ್ಚು ಬೆಳೀಲಿಲ್ಲ, ಬೆಳೆದ್ರೂ ಕುಂಡ್ಯಾನ ಗಿಡದಂಗ ಬೆಳೀತು. ಊರ ಮಂದಿ, ತಮ್ಮ ಬೀಗರು-ಬಿಜ್ಜರ ಮನಿಗೆ ತಾವ ಹೋಗಿ ಹೇಳಿದಲ್ಲಿ ಹೊಲದಾನ ಕರಿಕಿಯಂಗ ಹಬ್ಬಿತು.

ಇದು ನಮಗೇನು ಹೊಸಾದಲ್ಲ. ಕಲ್ಯಾಣದಾಗ ಗಲಾಟೆ ಆಗಿ ಶರಣರು ವಚನದ ಕಟ್ಟು ಹೊತಗೊಂಡು ಉಳವಿ ಕಡೆ ನಡದಾಗ ನಮ್ಮ ಸೀಮಿ ಮ್ಯಾಲ ಹಾದು ಹ್ವಾದ್ರು ಅಂತ ನಾವೆಲ್ಲಾ ಹಿರಿಯಾರ ಬಾಯಾಗ ಕೇಳೇವಿ. ಕಾದರವಳ್ಳಿ ಹತ್ರ ಕಾಳಗ ಆತು ಅಂತಾರ. ಮಲಪ್ರಭಾ ದಂಡಿಮ್ಯಾಲ ಎಂ.ಕೆ. ಹುಬ್ಬಳ್ಳಿಯಾಗ ಗಂಗಾಂಬಿಕೆ ತಾಯಿಯ ಐಕ್ಯ ಸ್ಥಳ ಐತಿ. ಖಾನಾಪುರ ತಾಲೂಕಿನ ಕಕ್ಕೇರಿಯಾಗ ಡೋಹರ ಕಕ್ಕಯ್ಯನ ಸಮಾಧಿ ಐತಿ. ಕಲ್ಯಾಣದಾಗ ಗುರುಗಳು ಉಳೀಲಿಲ್ಲ, ಅರಸರ ಆಸರೆ ಉಳೀಲಿಲ್ಲ. ಆದ್ರ ಅಂಬಿಗ, ಮಡಿವಾಳ, ಚಮ್ಮಾರ, ಕದಿರಿನಾಕಿ, ಇಂಥಾ ದುಡಿಯೋ ಮಂದಿ ಬಾಯಿಲೆ ವಚನ ಉಳಕೊಂಡ್ವು. ದುಡಿಯಾಕ ಹೋದಲ್ಲಿ ಹೇಳಿದ್ರು, ಮನ್ಯಾಗ ಕೂಸಿಗೆ ಹೇಳಿದ್ರು. ಹೇಳೂ ಮನಷ್ಯಾ ಕೇಳೂ ಮನಷ್ಯಾನಂಗs ಇದ್ದ ಅಂದ್ರ ಮಾತು ಓಡತೈತಿ. ಕ್ರಿಸ್ತರ ಇತಿಹಾಸದಾಗೂ ಆದದ್ದು ಇದs.

ಈಗ ಸುರುವಿಂದ ನೋಡೋಣು.

ಕಿತ್ತೂರ ಚೆನ್ನಮ್ಮ ಥ್ಯಾಕರೆಯನ್ನ ಎದುರಿಸಿದ್ದು 1824ರಾಗ. ಅದಕ್ಕೂ ನಾಕ ವರ್ಷ ಮದಲ, 1820ರಾಗ, ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ ಅನ್ನಾವರು ಬಳ್ಳಾರಿಯಿಂದ ಬೆಳಗಾವಿಗೆ ಬಂದ್ರು. ಆಮ್ಯಾಲ ವಿಲಿಯಂ ಬೆನನ್ ಬಂದ್ರು. ಬೆಳಗಾವಿಯ ಬೆನನ್ ಸ್ಮಿತ್ ಹೈಸ್ಕೂಲಿನ ಹೆಸರಿನ್ಯಾಗ ಇರೋ ಬೆನನ್ ಇವರs. ಬಳ್ಳಾರಿಯಾಗ ಜಾನ್ ಹ್ಯಾಂಡ್ಸ್ ಅನ್ನೋ ಇನ್ನೊಬ್ಬ ಪಾದ್ರಿ 1810ರಿಂದ ಕುಂತು ಬೈಬಲ್ಲನ್ನ ಕನ್ನಡಕ್ಕ ತರಾಕ ಹತ್ತಿದ್ರು. ಇಡೀ ಬೈಬಲ್ ಕನ್ನಡದಾಗ ಬಂದದ್ದು 1831ರಾಗ. ನಮ್ಮ ಸಂಗೊಳ್ಳಿ ರಾಯಣ್ಣನ್ನ ನಂದಗಡದಾಗ ಗಲ್ಲಿಗೆ ಹಾಕಿದ್ದು ಅದs ವರ್ಷದ ಜನವರಿ 26ಕ್ಕ. ಇಂಗ್ರೇಜಿ ಸರಕಾರ ಒಂದ ಕೈಲೆ ಗಲ್ಲು ಹಾಕಾಕತ್ತಿದ್ದ ಕಾಲದಾಗs ಅವರ ಕಡೆ ಪಾದ್ರಿಗಳು ಇನ್ನೊಂದ ಕೈಲೆ ಪುಸ್ತಕ ಹಿಡಕೊಂಡು ಬಂದ್ರ, ಊರ ಮಂದಿ ಹೆಂಗ ನಂಬಬೇಕು? ನಂಬಲಿಲ್ಲ. ಎಷ್ಟೋ ವರ್ಷ ಬೆಳಗಾವಿಯ ಚರ್ಚು ಕ್ಯಾಂಪಿನ ಸುತ್ತs ಉಳೀತು.

ಆಮ್ಯಾಲ ಬಂದವರು ಬಾಸೆಲ್ ಮಿಷನ್ನಿನವರು. ಇವರು ಇಂಗ್ರೇಜರಲ್ಲ, ಜರ್ಮನ್ ಮತ್ತ ಸ್ವಿಸ್ ಮಂದಿ. 1834ಕ್ಕ ಮಂಗಳೂರಿಗೆ ಇಳದ್ರು. 1837ಕ್ಕ ಧಾರವಾಡ, 1839ಕ್ಕ ಹುಬ್ಬಳ್ಳಿ, 1841ಕ್ಕ ಬೆಟಗೇರಿ, 1851ಕ್ಕ ಗುಳೇದಗುಡ್ಡ, ಹಿಂಗ ಒಂದೊಂದ ಠಾಣೆ ಹಾಕ್ಕೋತ ಬಂದ್ರು. ಕನ್ನಡಕ್ಕ ಇವರು ಮಾಡಿದ ಕೆಲಸಾ ಸಣ್ಣದಲ್ಲ. ಮೋಗ್ಲಿಂಗ್ ಸಾಹೇಬರು 1843ರಾಗ 'ಮಂಗಳೂರ ಸಮಾಚಾರ' ತೆಗದ್ರು, ಅದs ಕನ್ನಡದ ಮದಲನೇ ಪತ್ರಿಕೆ. ಕಿಟೆಲ್ ಸಾಹೇಬರ ನಿಘಂಟು 1894ಕ್ಕ ಬಂತು. ಇಷ್ಟ ಕನ್ನಡ ಕಲತವರು, ಇಷ್ಟ ಬಿಸಲಾಗ ಅಡ್ಡಾಡಿದವರು, ಧರ್ಮ ಹಬ್ಬಿಸೂದ್ರಾಗ ಮಾತ್ರ ಹಿಂದ ಬಿದ್ರು. 1914ರ ಮಹಾಯುದ್ಧದ ಹೊತ್ತಿಗೆ, ಅಂದ್ರ 80 ವರ್ಷಕ್ಕ, ಮಂಗಳೂರು, ಧಾರವಾಡ ಕಡೆ, ಕೊಡಗು, ಮಲಬಾರ ಎಲ್ಲಾ ಕೂಡಿಸಿದ್ರೂ ಅವರ ಸಭೆಯಾಗ ಇದ್ದವರು ಸುಮಾರು 20 ಸಾವಿರ ಮಂದಿ.

ಯಾಕ ಹಿಂಗಾತು ಅನ್ನೂದಕ್ಕ ಗದಗ ಹತ್ರದ ಮಲ್ಲಸಮುದ್ರದ ಕತಿ ಕೇಳ್ರಿ. 1840ರ ಸುಮಾರಿಗೆ ಹುಬ್ಬಳ್ಳಿಯ ಪಾದ್ರಿಗಳ ಹತ್ರ ಕಾಲಜ್ಞಾನ ನಂಬೋ ಮಂದಿ ತಾವಾಗೇ ನಡಕೊಂಡು ಬಂದ್ರು. ನಮ್ಮ ಕಾಲಜ್ಞಾನದಾಗ ಮುಂದ ಒಬ್ಬ ಬರತಾನ ಅಂತ ಐತಿ, ನೀವು ಹೇಳೋ ಕ್ರಿಸ್ತ ಅವನs ಇರಬೇಕು ಅನ್ನೂದು ಅವರ ವಿಚಾರ. ಅವರ ಹಿಂದ ಭಾಳ ಮನೆತನ ಇದ್ವು. ಪಾದ್ರಿಗಳಿಗೆ ಆಕಾಶಕ್ಕ ಮೂರ ಗೇಣು. ಇವರು ಊರಾಗ ಇದ್ರ ಜಾತಿಯವರು ತ್ರಾಸ ಕೊಡ್ತಾರ ಅಂತ ತಿಳಕೊಂಡು ಮಲ್ಲಸಮುದ್ರದಾಗ ಜಮೀನ ಹಿಡದು, ಬರ್ರಿ, ಇಲ್ಲಿ ಮನಿ ಕಟಗೊಂಡು ಒಕ್ಕಲುತನ ಮಾಡಕೋತ ಇರ್ರಿ ಅಂದ್ರು. ಬಂದವರು ಬೆರಳೆಣಿಕೆ. ಬಂದವರಾಗ ನಿಂತವರು ಇನ್ನೂ ಕಡಿಮಿ. ಆ ವಸಾಹತು ಏಳಿಗಿ ಆಗಲಿಲ್ಲ.

ನಾವು ಹೆಣ್ಮಕ್ಕಳು ಇದನ್ನ ಲಗೂ ತಿಳಕೋತೀವಿ. ಮನಷ್ಯಾ ಅಂದ್ರ ಒಂದ ಕಾಳಲ್ಲ, ತೆನಿ. ಅವಗ ಹೆಂಡತಿ ತವರಮನಿ ಇರತೈತಿ, ಮಗಳ ಕೊಟ್ಟ ಊರ ಇರತೈತಿ, ಸತ್ತಾಗ ಹೆಗಲ ಕೊಡೋ ನಾಕ ಮಂದಿ ಇರತಾರ. ಅವನ್ನ ಕಿತ್ತು ಒಯ್ದು ಬ್ಯಾರೆ ಕಡೆ ಹಚ್ಚಿದ್ರ ಅವ ಒಬ್ಬ ಬದುಕಬಹುದು, ಅವನಿಂದ ಇನ್ನೊಬ್ಬಗ ಏನೂ ಹೋಗಂಗಿಲ್ಲ.

ಕಿತ್ತು ಒಯ್ದದ್ದರ ಬೆಲಿ ಏನಂತ ನೋಡಬೇಕಂದ್ರ ಆನಂದರಾವ್ ಕೌಂಡಿನ್ಯರ ಕತಿ ಐತಿ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಹುಡುಗ, ಮಿಷನ್ ಶಾಲ್ಯಾಗ ಕಲಿಯಾಕ ಹೋದಾಂವ. 1844ರ ಜನವರಿ 6ಕ್ಕ ದೀಕ್ಷಾಸ್ನಾನ ತೊಗೊಂಡ, ಹೆರ್ಮನ್ ಅಂತ ಹೆಸರಿಟ್ರು. ಊರಾಗ ದೊಡ್ಡ ಗದ್ದಲ ಆತು. ಅಷ್ಟೊತ್ತಿಗೆ ಅವನ ಮದಿವಿ ಆಗಿತ್ತು. ಆ ಹುಡುಗಿ ಅವನ ಕೂಡ ಹೋಗಲಿಲ್ಲ, ತನ್ನವರ ಕಡೇನs ಉಳದ್ಲು. ಅವ ಬಾಸೆಲ್ಲಿಗೆ ಹೋಗಿ ಕಲತು 1851ಕ್ಕ ಪಾದ್ರಿ ಆಗಿ ಬಂದ, 1860ಕ್ಕ ಜರ್ಮನಿಯ ಮಾರಿ ರೈನ್‌ಹಾರ್ಟ್ ಅನ್ನಾಕಿನ್ನ ಲಗ್ನ ಆದ, 1893ಕ್ಕ ತೀರಿಕೊಂಡ. ಭಾಳ ಕಲತಾಂವ, ಮಿಷನ್ನಿಗೆ ಭಾಳ ದುಡದಾಂವ. ಅವನ ಬಗ್ಗೆ ಪುಸ್ತಕದಾಗ ಪುಟಗಟ್ಟಲೆ ಬರದಾರ. ಆದ್ರ ಆ ಮದಲನೇ ಹುಡುಗಿ ಬಗ್ಗೆ ಒಂದ ಸಾಲು, ಎರಡ ಸಾಲು, ಅಷ್ಟ. ಆಕಿ ವೈಧವ್ಯ ಇಲ್ಲದ ವಿಧವಿ ಆದ್ಲು. ಧರ್ಮ ಬದಲಿ ಮಾಡೂ ಮಾತು ಬಂದಾಗ ಗಂಡಸರು ಸತ್ಯ, ಮೋಕ್ಷ ಅಂತ ಮಾತಾಡತಾರ. ನನಗ ಮದಲ ನೆನಪಾಗೂದು ಆಕಿ.

ಹಿಂಗ ಮನಿ ಬಿಟ್ಟು ಬಂದವರಿಗೆ ಹೊಟ್ಟಿಪಾಡು ಬೇಕಲ್ಲ. ಜಾತಿ ಬಿಟ್ಟವರಿಗೂ ಆಸ್ತಿಯಾಗ ಪಾಲು ಕೊಡಬೇಕಂತ ಸರಕಾರ 1850ರಾಗ ಕಾಯ್ದೆ ಮಾಡಿತ್ತು ಖರೆ. ಕಾಯ್ದೆ ಕೋರ್ಟಿನ್ಯಾಗ ನಡೀತಿತ್ತು, ಊರ ಬಾವಿ ಕಟ್ಟಿಮ್ಯಾಲ ನಡೀತಿದ್ದಿಲ್ಲ. ಅದಕ್ಕ ಬಾಸೆಲ್ಲಿನವರು ನೇಯ್ಗಿ ಕಾರಖಾನಿ ಹಾಕಿದ್ರು, 1865ಕ್ಕ ಮಂಗಳೂರಾಗ ಹೆಂಚಿನ ಕಾರಖಾನಿ ಹಾಕಿದ್ರು. ಮಂಗಳೂರ ಹೆಂಚು ಅಂತ ನಮ್ಮ ಮನಿಗಳ ಮ್ಯಾಲ ಇರೋ ಕೆಂಪ ಹೆಂಚಿನ ಮೂಲ ಅದು. ಕೆಲಸಾ ಸಿಕ್ಕಿತು, ಮಾನ ಸಿಕ್ಕಿತು, ಮಕ್ಕಳು ಶಾಲಿ ಕಲತ್ರು. ಆದ್ರ ದನೀನೂ ಅವರ, ಪಾದ್ರೀನೂ ಅವರ, ಮನಿ ಕೊಟ್ಟವರೂ ಅವರ ಆದ್ರು. ಮಿಷನ್ ಕಂಪೌಂಡ ಅಂದ್ರ ಊರ ಪಕ್ಕದಾಗ ಇನ್ನೊಂದ ಊರು ಆತು. ಅಲ್ಲಿಂದ ಹೊರಗ ಬಂದು ಅಣ್ಣತಮ್ಮಂದಿರ ಮನಿ ಕಟ್ಟಿಮ್ಯಾಲ ಕುಂತು ಮಾತಾಡೂ ದಾರಿನೇ ಕಟ್ಟಾತು.

ಹಂಗಾದ್ರ ಲಗೂ ಬೆಳದದ್ದು ಎಲ್ಲಿ? ಅದಕ್ಕ ಬಳ್ಳಾರಿ ದಾಟಿ ತೆಲುಗು ಸೀಮಿಗೆ ಹೋಗಬೇಕು. ಒಂಗೋಲು ಅನ್ನೋ ಊರ ಕಡೆ ಎರ್ರಗುಂಟ್ಲ ಪೇರಯ್ಯ ಅಂತ ಒಬ್ಬ ಇದ್ದ. ಮಾದಿಗರಾಂವ, ತೊಗಲಿನ ವ್ಯಾಪಾರ ಅವಂದು. ತೊಗಲ ಕೊಳ್ಳಾಕ ಊರೂರು ತಿರಗತಿದ್ದ, ಊರೂರಾಗ ಅವಗ ಬೀಗರು ಇದ್ರು. ಸಾಧು-ಸಂತರ ಸಂಗತೀ ಮಾಡಿ, ತಾನೂ ನಾಕ ಮಂದಿಗೆ ಗುರು ಆಗಿದ್ದಾಂವ. ಅವ 1866ರಾಗ ಹೆಂಡತಿ ಕೂಡ ದೀಕ್ಷಾಸ್ನಾನ ತೊಗೊಂಡ. ಅಮೇರಿಕಾದ ಪಾದ್ರಿ ಜಾನ್ ಕ್ಲಫ್ ಅವನ್ನ ಕಂಪೌಂಡಿನ್ಯಾಗ ಇಟಗೊಳ್ಳಲಿಲ್ಲ. ಅವ ತನ್ನ ಊರಿಗೆ ಹೊಳ್ಳಿ ಹ್ವಾದ. ಅದs ಕೇರಿ, ಅದs ಗುಡಸಲಾ, ಅದs ತೊಗಲ ಗಂಟು. ವ್ಯಾಪಾರಕ್ಕ ಹೋದ ಊರಾಗೆಲ್ಲಾ ರಾತ್ರಿ ಬೀಗರ ಅಂಗಳದಾಗ ಕುಂತು ಹೇಳಿದ. ಕೇಳಿದವರು ತಮ್ಮ ಬೀಗರಿಗೆ ಹೇಳಿದ್ರು.

ಸುಮ್ಮನ ಆಗಲಿಲ್ಲ ಅದು. ಸೇರಿದವರಿಗೆ ಮೂರ ಕಟ್ಟಳೆ ಇದ್ವು. ಐತವಾರ ದುಡೀಬಾರದು, ಸತ್ತ ದನದ ಮಾಂಸ ತಿನ್ನಬಾರದು, ಮೂರ್ತಿ ಪೂಜಿ ಮಾಡಬಾರದು. ಹಬ್ಬದಾಗ ಹಲಗಿ ಬಾರ್ಸೂದು ಬಿಟ್ರು. ಊರ ಹಿರಿಯಾರು ಸಿಟ್ಟಾದ್ರು, ನೀರ ಬಂದ ಮಾಡಿದ್ರು, ಕೂಲಿ ಬಂದ ಮಾಡಿದ್ರು. ಆದ್ರೂ ಮಂದಿ ಹೆಚ್ಚಾದ್ರು.

ಆಮ್ಯಾಲ 1876ರ ದೊಡ್ಡ ಬರಗಾಲ ಬಂತು. ನಮ್ಮ ಕಡೆ ಧಾರವಾಡ, ಬೆಳಗಾವಿ, ಕಲಾದಗಿ ಜಿಲ್ಲೆಗಳನ್ನೂ ಸುಟ್ಟ ಬರ ಅದು. ಒಂಗೋಲಿನ ಪಾದ್ರಿ ಕ್ಲಫ್ ಬಕಿಂಗ್‌ಹ್ಯಾಮ್ ಕಾಲುವಿಯ ಮೂರೂವರಿ ಮೈಲು ಅಗಿಯೋ ಗುತ್ತಿಗಿ ಹಿಡದು ಸಾವಿರಗಟ್ಟಲೆ ಮಂದಿಗೆ ಕೂಲಿ ಕೊಟ್ರು. ಮೇಸ್ತ್ರಿ ಆದವರು ಯಾರು? ಪೇರಯ್ಯನಂಥಾ ಊರ ಬೋಧಕರು. ಹಗಲೊತ್ತು ಮಣ್ಣ ಅಳೀತಿದ್ರು, ಸಂಜಿಕ ಕೂಲಿಯವರ ನಡುವ ಕುಂತು ಮಾತಾಡ್ತಿದ್ರು. ಒಂದು ಮಾತು ಇಲ್ಲಿ ಗಮನಿಸ್ರಿ. ಬರಗಾಲದಾಗ ಹೊಟ್ಟಿಗೆ ಸಲುವಾಗಿ ಮಂದಿ ಬರತಾರ ಅಂತ ಕ್ಲಫ್ ವರ್ಷದ ಮ್ಯಾಲ ಒಬ್ಬರಿಗೂ ದೀಕ್ಷೆ ಕೊಡಲಿಲ್ಲ. ಮಳಿ ಆಗಿ, ಅನ್ನದ ಸಹಾಯ ನಿಂತ ಮ್ಯಾಲೂ ಮಂದಿ ಬಂದು ಕೇಳಿದ್ರು. 1878ರ ಜುಲೈ 3ಕ್ಕ, ಒಂದs ದಿವಸಕ್ಕ, 2,222 ಮಂದಿ ಗುಂಡ್ಲಕಮ್ಮ ಹೊಳಿಯಾಗ ಇಳದ್ರು. ನೀರಾಗ ನಿಂತು ಮುಳುಗಿಸಿದವರು ಸಾಹೇಬರಲ್ಲ. ಆರ ಮಂದಿ ಊರ ಬೋಧಕರು, ಇಬ್ಬರ ಹಿಂದ ಇಬ್ಬರು ಪಾಳಿ ಮ್ಯಾಲ. ಸುಮಾರು ಆರ ವಾರದಾಗ 8,691 ಮಂದಿ ಸೇರಿದ್ರು. ಬಾಸೆಲ್ಲಿನವರ 80 ವರ್ಷದ 20 ಸಾವಿರ ಒಂದ ಕಡೆ ಇಡ್ರಿ, ಈ ಆರ ವಾರ ಒಂದ ಕಡೆ ಇಡ್ರಿ. ಲೆಕ್ಕಾ ತಾನs ಮಾತಾಡತೈತಿ.

ಪಂಜಾಬಿನ ಸಿಯಾಲಕೋಟಿನ್ಯಾಗೂ ಇದs ಆತು. ದಿತ್ತ್ ಅನ್ನೋ ಕುಂಟ ಮನಷ್ಯಾ, ಅವಂದೂ ತೊಗಲಿನ ವ್ಯಾಪಾರ. 1873ರಾಗ ದೀಕ್ಷೆ ತೊಗೊಂಡು, ಇಲ್ಲೇ ಇರು ಅಂದ್ರೂ ಕೇಳದ, ಊರಿಗೆ ಹೊಂಟ. ಅಣ್ಣತಮ್ಮರು ಬೈದ್ರು, ಕೂಡ ಉಣ್ಣಲಿಲ್ಲ. ಕೆಲವು ತಿಂಗಳದಾಗ ಹೆಂಡತಿ, ಮಗಳು, ಇಬ್ಬರು ನೆರಮನಿಯವರನ್ನ ಕರಕೊಂಡು ಪಾದ್ರಿ ಹತ್ರ ನಡಕೋತ ಬಂದ. ಅಲ್ಲಿಂದ ಅವನ ಜಾತಿಯವರಾಗ ಅದು ಊರಿಂದ ಊರಿಗೆ ಹೋತು.

ಈ ಎರಡೂ ಕತಿಯಾಗ ನನಗ ಕಂಡದ್ದು ಹೇಳತೀನಿ. ಮದಲನೇದು, ಅವರು ಮನಿ ಬಿಡಲಿಲ್ಲ. ಎರಡನೇದು, ಹೊಸಾ ದಾರಿ ಹುಡುಕಲಿಲ್ಲ, ಮದಲs ಇದ್ದ ದಾರಿ ಹಿಡದ್ರು. ತೊಗಲಿನ ದಾರಿ, ಬೀಗರ ದಾರಿ, ಹೆಣ್ಣ ಕೊಟ್ಟ-ತಂದ ದಾರಿ. ಮೂರನೇದು, ಇವತ್ತ ಕಲತಾಂವ ನಾಳೆ ಇನ್ನೊಬ್ಬಗ ಕಲಸಿದ. ಶಾಲಿ ಮುಗೀಲಿ, ಪದವಿ ಬರಲಿ ಅಂತ ಕಾಯಲಿಲ್ಲ. ಹಾಡು, ಪ್ರಾರ್ಥನಾ, ನಾಕ ಕತಿ, ಇಷ್ಟ ಬಾಯಿಪಾಠ. ನಮ್ಮ ಭಜನಿ ಮ್ಯಾಳ, ಸೋಬಾನ ಪದ ಬೆಳದದ್ದೂ ಹಿಂಗ ಅಲ್ಲೇನ್ರಿ? ಯಾರ ಕಡಿಂದ ಕಲತಿ ಅಂದ್ರ ಅತ್ತಿ ಕಡಿಂದ, ನೆಗೆಣ್ಣಿ ಕಡಿಂದ ಅಂತೀವಿ.

ಹೆಣ್ಮಕ್ಕಳ ಮಾತು ಬಂತಲ್ಲ. ತಮಿಳು ಸೀಮಿಯ ತಿರುನೆಲ್ವೇಲಿ ಹತ್ರ ಪಾಳಯಂಕೋಟೆಯಾಗ ಒಬ್ಬಾಕಿ ಇದ್ಲು. ತಂಜಾವೂರ ಕಡೆ ಮರಾಠಿ ಬ್ರಾಹ್ಮಣ ವಿಧವಿ. 1778ರಾಗ ಶ್ವಾರ್ಟ್ಸ್ ಅನ್ನೋ ಪಾದ್ರಿಯ ಕೈಲೆ ದೀಕ್ಷಾಸ್ನಾನ ತೊಗೊಂಡು ಕ್ಲಾರಿಂದಾ ಅನ್ನಿಸಿಕೊಂಡ್ಲು. ಆ ಊರಾಗ ಪಾದ್ರಿ ಇದ್ದಿಲ್ಲ. ಆಕೀನs ನಿಂತು ನಾಕ ಮಂದಿ ಕೂಡಿಸಿ ಸಭಾ ನಡಸಿದ್ಲು. 1780ಕ್ಕ ಸಭೆಯಾಗ 40 ಮಂದಿ ಇದ್ರು. ಮುಂದ ಚರ್ಚು ಕಟ್ಟಿಸಿದ್ಲು, 1785ಕ್ಕ ಅದರ ಪ್ರತಿಷ್ಠೆ ಆತು. ಜಾತಿಯಿಂದ ಹೊರಗ ಬಿದ್ದ ಒಬ್ಬ ವಿಧವಿಯಿಂದ ಸುರು ಆದ ಆ ಸಭೆ ತಿರುನೆಲ್ವೇಲಿ ಚರ್ಚಿನ ಬೇರು ಆತು. ಮುಂದ ನಾಡಾರ ಜಾತಿಯ ಸುಂದರಾನಂದಂ ಡೇವಿಡ್ ಅನ್ನಾಂವ ತನ್ನ ಕುಲದವರಿಗೆ ಹೇಳಿದ ಮ್ಯಾಲ ಅದು ಊರೂರಿಗೆ ಹಬ್ಬಿತು. ಹೊಡೆತ ತಿಂದವರಿಗೆಲ್ಲಾ ಒಂದ ಕಡೆ ಇರಾಕ 1799ರಾಗ ಮುದಲೂರು ಅಂತ ಊರು ಕಟ್ಟಿದ್ರು. ಮುದಲೂರು ಅಂದ್ರ ಮದಲನೇ ಊರು. ಮಲ್ಲಸಮುದ್ರದಂಗ ಇದೂ ಹೊಸಾ ಊರs, ಆದ್ರ ಇದನ್ನ ಕಟ್ಟಿದವರು ತಾವs ಆಗಿದ್ರು, ಅದಕ್ಕ ನಿಂತಿತು.

ನಮ್ಮ ಕಡೆ ಮಿಷನ್ನುಗಳು 'ಬೈಬಲ್ ಹೆಂಗಸರು' ಅಂತ ನೇಮಿಸ್ತಿದ್ರು. ಪರಗಂಡಸರು ಹೋಗಲಾರದ ಪಡಸಾಲಿ, ಅಡಗಿಮನಿ ತನಕ ಹೋಗಿ ಅಕ್ಷರಾ ಕಲಸೂದು, ಕತಿ ಹೇಳೂದು, ಬ್ಯಾನಿ ಬಿದ್ದವರನ್ನ ನೋಡೂದು ಅವರ ಕೆಲಸಾ. ಚರ್ಚಿನ ಗೋಡಿಮ್ಯಾಲಿನ ಕಲ್ಲಿನ್ಯಾಗ ಪಾದ್ರಿಗಳ ಹೆಸರು ಕೆತ್ತತಾರ, ಇವರ ಹೆಸರು ಕೆತ್ತಿದ್ದು ಅಪರೂಪ. ಖರೇ ಹೇಳಬೇಕಂದ್ರ ಸಭಾ ಕೂಡಿಸಿದವರು ಇವರs.

ಮತ್ತ ಬೆಳಗಾವಿಗೆ ಬರೋಣು. 1904ರಾಗ ಲಂಡನ್ ಮಿಷನ್ನಿನವರು ಬೆಳಗಾವಿ ಕೆಲಸಾನ ಅಮೇರಿಕಾದ ಮೆಥಡಿಸ್ಟರಿಗೆ ಒಪ್ಪಿಸಿ ಹ್ವಾದ್ರು. ಮೆಥಡಿಸ್ಟರು ಪ್ಯಾಟಿ ಬಿಟ್ಟು ಹಳ್ಳಿ ಕೇರಿಗಳಿಗೆ ಇಳದ್ರು. ಇಳದವರು ಅಂದ್ರ ಅಮೇರಿಕಾದವರಷ್ಟ ಅಲ್ಲ. ಅವರ ಕೈಯಾಗ ಕಲತ ನಮ್ಮ ಮಂದಿ, ಅರ್ಧಾ ಮಾಸ್ತರ, ಅರ್ಧಾ ಉಪದೇಶಿ. ಹಗಲೊತ್ತು ಕೇರಿಯ ಹುಡುಗರಿಗೆ ಅ-ಆ-ಇ-ಈ, ರಾತ್ರಿ ಕಂದೀಲಿನ ಬೆಳಕಿನ್ಯಾಗ ದೊಡ್ಡವರಿಗೆ ಹಾಡು. ಕೇರಿಯ ಆ ಹುಡುಗರನ್ನ ಊರ ಶಾಲಿ ಒಳಗ ಕುಂದರಸಿಕೊಳ್ಳದಿದ್ದ ಕಾಲ ಅದು. ಕಪಲಿ ಬಾವಿಗೆ ತೊಗಲ ಚೀಲಾ ಹೊಲದು ಕೊಟ್ಟವರು ಅವರು, ನಮ್ಮ ಕಾಲಿಗೆ ಕೆರವು ಮಾಡಿ ಕೊಟ್ಟವರು ಅವರು, ಅದs ಬಾವಿ ನೀರ ಮಾತ್ರ ಅವರು ಸೇದಂಗಿದ್ದಿಲ್ಲ. ಅಂಥಾ ಅಂಗಳದಾಗ ಅವರಂಥಾವನs ಒಬ್ಬ ಬಂದು, ಹೆಗಲಮ್ಯಾಲ ಕೈ ಹಾಕಿ, ನಿನ್ನ ಮಗ ಓದತಾನ ಅಂದ್ರ ಯಾವ ತಾಯಿ ಮನಸು ಹಿಗ್ಗಂಗಿಲ್ಲ? ಯಾರು ದಾರಿ ತಪ್ಪಿಸಿದ್ರು ಅಂತ ಕೇಳೂಕಿಂತ ಮದಲ ನಾವು ಯಾವ ಬಾಗಲಾ ಹಾಕಿದ್ವಿ ಅಂತ ಕೇಳಬೇಕು.

ನಮ್ಮ ಬೈಲಹೊಂಗಲ ತಾಲೂಕಿನ ದೇಶನೂರದಾಗ ಇನ್ನೊಂದ ಬಗಿ ನೋಡಬಹುದು. ಅಲ್ಲಿ ಕ್ಯಾಥೋಲಿಕ್ ಜೆಸ್ವಿಟ್ ಪಾದ್ರಿಗಳದೊಂದು ಮಠ ಐತಿ, ಹೆಸರು ಸ್ನಾನಿಕ ಅರುಳಪ್ಪನವರ ವಿರಕ್ತ ಮಠ. ಸ್ನಾನಿಕ ಅರುಳಪ್ಪ ಅಂದ್ರ ಯೇಸುವಿಗೆ ಸ್ನಾನಾ ಮಾಡಿಸಿದ ಯೋಹಾನ. ಅಲ್ಲಿಯ ಪಾದ್ರಿಗಳು ಕಾವಿ ಉಡತಾರ, ಶಾಖಾಹಾರ ಉಣ್ಣತಾರ, ಸ್ವಾಮಿಗಳು ಅನ್ನಿಸಿಕೋತಾರ. ಇದಕ್ಕೂ ಹಳೇ ಬೇರು ಐತಿ. 1606ರಾಗ ಮಧುರೈಗೆ ಬಂದ ರಾಬರ್ಟ್ ಡಿ ನೊಬಿಲಿ ಕಾವಿ ಉಟ್ಟಿದ್ದ. ನಮ್ಮ ವ್ಯಾಷ ಹಾಕ್ಕೊಂಡು ಮಂದಿನ್ನ ಮಳ್ಳ ಮಾಡ್ತಾರ ಅಂತ ಕೆಲವರು ಅಂತಾರ. ಊರಿಗೆ ಬಂದವರು ಊರವರಂಗ ಇರೂದು ಮರ್ಯಾದಿ ಅಂತ ಕೆಲವರು ಅಂತಾರ. ನನ್ನ ವಿಚಾರ ಏನಂದ್ರ, ಉಡಪು ಎಷ್ಟ ಹತ್ತರ ತಂದ್ರೂ ಅದು ಬಾಗಲ ತನಕ. ಅಡಗಿಮನಿ ತನಕ ಹೋಗಾಕ ಸಂಬಂಧ ಬೇಕು.

ಊರವರs ಆಗಿ ಹುಟ್ಟಿದವರನ್ನ ನೋಡಬೇಕಂದ್ರ ಉತ್ತಂಗಿ ಚನ್ನಪ್ಪನವರನ್ನ ನೋಡ್ರಿ. 1881ರಾಗ ಧಾರವಾಡದಾಗ ಹುಟ್ಟಿದವರು, ಬಾಸೆಲ್ ಮಿಷನ್ನಿನ ಪಾದ್ರಿ. ಸರ್ವಜ್ಞನ ತ್ರಿಪದಿಗಳನ್ನ ಊರೂರು ತಿರುಗಿ, ತಾಳೆಗರಿ ಹುಡುಕಿ, ಮುದುಕರ ಬಾಯಿಂದ ಕೇಳಿ ಕೂಡಿಸಿ 1924ಕ್ಕ ಅಚ್ಚ ಹಾಕಿಸಿದ್ರು. ಇವತ್ತ ನಾವು ಮಾತಿಗೊಮ್ಮೆ ಸರ್ವಜ್ಞ ಅಂತೀವಲ್ಲ, ಅದರಾಗ ಒಬ್ಬ ಕ್ರಿಸ್ತ ಪಾದ್ರಿಯ ಬೆವರ ಐತಿ. 1949ರಾಗ ಕಲಬುರ್ಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕ ಅಧ್ಯಕ್ಷರಾಗಿದ್ರು. ಧರ್ಮ ಬದಲಾದ್ರ ನಾಡು-ನುಡಿ ಬಿಡತಾರ ಅನ್ನಾವರಿಗೆ ಅವರ ಬದುಕs ಉತ್ತರ.

ಸಾಹೇಬರು ಹೋದ್ರ ಚರ್ಚು ಹೋಗತೈತಿ ಅಂತ ಭಾಳ ಮಂದಿ ತಿಳದಿದ್ರು. 1914ರಾಗ ಜರ್ಮನಿ ಕೂಡ ಯುದ್ಧ ಸುರು ಆದ ಮ್ಯಾಲ ಇಂಗ್ರೇಜರು ಬಾಸೆಲ್ಲಿನ ಜರ್ಮನ್ ಪಾದ್ರಿಗಳನ್ನ ಹಿಡದು ಇಟ್ರು, ಕಾರಖಾನಿಗಳು ಕೈಬಿಟ್ಟು ಹ್ವಾದ್ವು. ಚರ್ಚು ಬಾಗಲಾ ಹಾಕಲಿಲ್ಲ, ನಮ್ಮ ಮಂದೀನs ನಡಸಿದ್ರು. ಚೀನಾದಾಗ ಇದಕ್ಕಿಂತ ದೊಡ್ಡದು ಆತು. 1949ರ ಕ್ರಾಂತಿ ಆದ ಮ್ಯಾಲ ಪಾದ್ರಿಗಳನ್ನೆಲ್ಲಾ ಹೊರಗ ಹಾಕಿದ್ರು. ಆಗ ಅಲ್ಲಿ ಪ್ರಾಟೆಸ್ಟಂಟರು ಹತ್ತ ಲಕ್ಷದ ಆಸುಪಾಸು. 2018ರಾಗ ಅಲ್ಲಿಯ ಸರಕಾರನs ಕೊಟ್ಟ ಲೆಕ್ಕಾ 3.8 ಕೋಟಿ. ಕೊರಿಯಾದಾಗ 1890ರಾಗ ಜಾನ್ ನೀವಿಯಸ್ ಅನ್ನೋ ಪಾದ್ರಿ ಬಂದು ಅಲ್ಲಿಯ ಮಿಷನರಿಗಳಿಗೆ ಹೇಳಿದ್ದು ಸರಳ. ಸೇರಿದಾಂವ ತನ್ನ ಕಸಬ ಬಿಡಬಾರದು, ಸಭಾ ತನ್ನ ಖರ್ಚು ತಾನs ನೋಡಕೋಬೇಕು, ಗುಡಿ ಊರವರ ಕೈಲಾದಷ್ಟ ಕಟ್ಟಬೇಕು. ಹೊರಗಿನ ರೊಕ್ಕ ಕಡಿಮಿ ಆದಷ್ಟು ಬೆಳಿ ಜಾಸ್ತಿ ಬಂತು. "ಎಲ್ಲಾ ರೊಕ್ಕದ ಮಹಿಮಾ" ಅನ್ನಾವರು ಇದನ್ನೂ ನೋಡಬೇಕು.

ಈಗಿನ ಪ್ರಾರ್ಥನಾ ಮನಿಗಳು ಇದs ದಾರಿ ಹಿಡದಾವ. ಗುಡಿ ಬ್ಯಾಡ, ಗಂಟಿ ಬ್ಯಾಡ. ಒಬ್ಬಾಕಿ ಮನಿ ಪಡಸಾಲಿ, ಒಂದ ಚಾಪಿ, ಒಂದ ಪುಸ್ತಕ. ಹತ್ತ-ಹದಿನೈದು ಮಂದಿ ಆದ್ರ ಜಾಗಾ ಸಾಲಂಗಿಲ್ಲ, ಇನ್ನೊಬ್ಬರ ಮನ್ಯಾಗ ಇನ್ನೊಂದ ಸುರು. ಹೋಗೋ ಹೆಣ್ಮಕ್ಕಳನ್ನ ಕೇಳಿದ್ರ ದೊಡ್ಡ ತತ್ವ ಏನೂ ಹೇಳಂಗಿಲ್ಲ. ಗಂಡ ಕುಡಿಯೂದು ಬಿಟ್ಟ ಅಂತಾರ. ಕೂಸಿಗೆ ಜ್ವರಾ ಬಂದಾಗ ರಾತ್ರಿ ಬಂದು ಕುಂತ್ರು ಅಂತಾರ. ಅಲ್ಲಿ ನನ್ನ ಹೆಸರ ಹಿಡದು ಮಾತಾಡಸ್ತಾರ ಅಂತಾರ. ಎಲ್ಲಾ ಹೊನ್ನಲ್ಲ ಅಲ್ಲೂ. ಗುಳಗಿ ಬಿಡು, ಪ್ರಾರ್ಥನಾ ಸಾಕು ಅನ್ನಾವರು ಅದಾರ, ಅದು ಜೀವಕ್ಕ ಮೋಸ. ನಿಮ್ಮ ದೇವರು ದೆವ್ವ ಅನ್ನಾವರು ಅದಾರ, ಅದು ಮನಿ ಒಡೆಯೋ ಮಾತು. ಚಾಪಿ ತುಂಬ ಹೆಣ್ಮಕ್ಕಳು ಇರತಾರ, ಮುಂದ ಕುರ್ಚಿಮ್ಯಾಲ ಗಂಡಸ ಇರತಾನ, ಅದಂತೂ ಎಲ್ಲಾ ಧರ್ಮದಾಗೂ ಒಂದs.

ಲೆಕ್ಕಾನೂ ಒಂದಿಷ್ಟ ನೋಡೋಣು. 2001ರ ಜನಗಣತಿಯಾಗ ಕರ್ನಾಟಕದಾಗ ಕ್ರಿಸ್ತರು ನೂರಕ್ಕ 1.91, 2011ಕ್ಕ 1.87. ಹೆಚ್ಚಾಗಿಲ್ಲ, ಕೂದಲಷ್ಟ ಕಡಿಮಿ ಆಗೇತಿ. ಇದರಾಗ ಒಂದ ಸೂಕ್ಷ್ಮ ಐತಿ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರಿಸ್ತ ಆದವಗ ಪರಿಶಿಷ್ಟ ಜಾತಿ ಸವಲತ್ತು ಇಲ್ಲ. ಅದಕ್ಕ ಹೋಗಾವರು ಎಲ್ಲಾರೂ ಕಾಗದದಾಗ ಬರಸಂಗಿಲ್ಲ. ಆದ್ರೂ ನಾಳೆ ಊರಿಗೂರs ಮುಳುಗತೈತಿ ಅನ್ನೋ ಹೆದರಿಕಿಗೆ ಈ ಲೆಕ್ಕಾ ಆಸರೆ ಕೊಡಂಗಿಲ್ಲ.

ಹೆದರಿಕಿಯಿಂದ ಕಾಯ್ದೆ ಬಂತು. 2022ರಾಗ ಕರ್ನಾಟಕದಾಗ ಮತಾಂತರ ತಡಿಯೋ ಕಾಯ್ದೆ ಜಾರಿ ಆತು. ಧರ್ಮ ಬದಲಿ ಮಾಡಾವರು 30 ದಿವಸ ಮದಲ ಜಿಲ್ಲಾಧಿಕಾರಿಗೆ ಅರ್ಜಿ ಕೊಡಬೇಕು. 2023ರ ಜೂನ್‌ದಾಗ ಹೊಸಾ ಸರಕಾರದ ಸಂಪುಟ ಅದನ್ನ ತೆಗೀಬೇಕಂತ ನಿರ್ಣಯ ಮಾಡ್ತು. ಆ ಕಾಯ್ದೆಯಾಗ ನನಗ ಚುಚ್ಚಿದ ಒಂದ ಮಾತು ಐತಿ. ಒತ್ತಾಯದಿಂದ, ಆಸೆ ತೋರಿಸಿ ಬದಲಿ ಮಾಡಿಸಿದ್ರ ಶಿಕ್ಷಾ, ಅದು ಸರಿ. ಹೆಚ್ಚಿನ ಶಿಕ್ಷಾ ಯಾರ ಸಲುವಾಗಿ ಅಂತ ಬರಿಯೋ ಮುಂದ ಸಣ್ಣ ಹುಡುಗರು, ಬುದ್ಧಿ ಸ್ವಾಧೀನ ಇಲ್ಲದವರು, ಹೆಂಗಸರು, ಪರಿಶಿಷ್ಟರು ಅಂತ ಒಂದs ಸಾಲಿನ್ಯಾಗ ಕುಂದರಸ್ಯಾರ. ನಮ್ಮನ್ನ ಕಾಯಾಕ ಬರದದ್ದು ಇರಬಹುದು. ಆದ್ರ ಕ್ಲಾರಿಂದಾನ್ನ ನೆನಸ್ರಿ, ಗಂಡನ ಹಿಂದ ಹೋಗಲಾರದ ಆ ಮಂಗಳೂರ ಹುಡುಗಿನ್ನ ನೆನಸ್ರಿ. ಒಬ್ಬಾಕಿ ಹೋದ್ಲು, ಒಬ್ಬಾಕಿ ಹೋಗಲಿಲ್ಲ. ಇಬ್ಬರಿಗೂ ಬುದ್ಧಿ ಇತ್ತು. ಇಬ್ಬರ ಮನಸಿನ್ಯಾಗ ಏನಿತ್ತು ಅಂತ ಯಾರೂ ಕೂತು ಕೇಳಲಿಲ್ಲ, ಅಷ್ಟ.

ಅದಕ್ಕ ಅಕ್ಕ-ತಂಗ್ಯಾರ, ನನ್ನ ಮಾತು ಇಷ್ಟ. ಯಾವ ದೇವರ ಮುಂದ ಕೈ ಮುಗೀಬೇಕು ಅನ್ನೂದು ಅವರವರ ಮನಸಿಗೆ ಬಿಟ್ಟದ್ದು, ಸಂವಿಧಾನದ 25ನೇ ಕಲಮೂ ಅದನ್ನs ಹೇಳತೈತಿ. ಆದ್ರ ಒಂದ ಮನಿ ನಮ್ಮಿಂದ ದೂರ ಸರೀತು ಅಂದ್ರ, ಅವರಿಗೆ ರೊಕ್ಕ ಕೊಟ್ಟವರು ಯಾರು ಅಂತ ಹುಡುಕೂಕಿಂತ ಮದಲ, ಅವರ ಮನ್ಯಾಗ ಜಡ್ಡ ಬಿದ್ದಾಗ ನಾವು ಯಾರಾರ ಹೋಗಿದ್ವೇನು ಅಂತ ಕೇಳಕೋರಿ. ಹೋದಾಕಿ ನಿಮ್ಮ ನಾದಿನಿ ಇದ್ರೂ, ನೆರಮನಿಯಾಕಿ ಇದ್ರೂ, ಆಕಿ ಕೂಡ ಮಾತು ಬಿಡಬ್ಯಾಡ್ರಿ. ಪಂಚಮಿ ಉಂಡಿ ಕಳಸ್ರಿ. ಆಕಿ ಕ್ರಿಸ್‌ಮಸ್ಸಿಗೆ ಏನರ ಕೊಟ್ರ ತೊಗೋರಿ. ಆಕಿ ತಿನ್ನಲಿಲ್ಲ ಅಂದ್ರ ಒತ್ತಾಯ ಬ್ಯಾಡ, ನೀವು ಹೋಗಲಿಲ್ಲ ಅಂದ್ರ ಆಕೀದೂ ಒತ್ತಾಯ ಬ್ಯಾಡ. ಗುಳಗಿ ಬಿಟ್ಟಿದ್ರ ಮಾತ್ರ ಜಗಳಾ ಮಾಡಿ ದವಾಖಾನಿಗೆ ಕರಕೊಂಡು ಹೋಗ್ರಿ. ಇನ್ನೂರ ವರ್ಷದ ಈ ಇತಿಹಾಸದಾಗ ಮಂದಿನ್ನ ಅತ್ತಾಗಿತ್ತಾಗ ಒಯ್ದದ್ದು ಪುಸ್ತಕಕ್ಕಿಂತ ಹೆಚ್ಚು, ಬ್ಯಾನಿ ದಿವಸ ಬಾಗಲಾ ಬಡದ ಕೈ.